ಸಲಹೆಗೂ ಕಾಲಮಿತಿಯಿದೆ: ಕಾನೂನು ಕಾಲೇಜಿನಲ್ಲಿ ವಿದ್ಯಾರ್ಥಿ ಸಲಹೆಗಾರ್ತಿಯಾಗಿ ನನ್ನ ಅನುಭವ

ಕಾನೂನು ವಿದ್ಯಾರ್ಥಿಗಳು ನನ್ನ ಬಳಿ ಸಲಹೆ ಕೇಳಲು ಬರುವುದು ಕಡಿಮೆ, ವಾದ ಮಂಡಿಸಲು ಬರುವುದೇ ಹೆಚ್ಚು. ಹಾಜರಾತಿ ಕೊರತೆಯಾದವನು ನಿಯಮದಲ್ಲಿ ಸಡಿಲಿಕೆ ಎಲ್ಲಿದೆ ಎಂದು ಓದಿಕೊಂಡೇ ಬಂದಿರುತ್ತಾನೆ. ಅಂಕ ಕಡಿಮೆ ಬಂದವಳಿಗೆ ಮೌಲ್ಯಮಾಪಕರ ತಪ್ಪನ್ನು ಸಾಬೀತುಪಡಿಸಬೇಕಾಗಿರುತ್ತದೆ. ಓದುತ್ತಿರುವ ವಿದ್ಯೆಯೇ ಅದಾಗಿರುವಾಗ ಇದರಲ್ಲಿ ಅಚ್ಚರಿಯೇನಿಲ್ಲ. ನಾನು ವಾದವನ್ನು ಪೂರ್ತಿ ಕೇಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ: "ಇದು ನಿಮಗೆ ಯಾವಾಗ ಗೊತ್ತಾಯಿತು?" ಬಹುಪಾಲು ಉತ್ತರ, "ಎರಡು ತಿಂಗಳಾಯಿತು." ಆ ಎರಡು ತಿಂಗಳನ್ನು ಎರಡು ವಾರಕ್ಕೆ ಇಳಿಸುವುದೇ ನನ್ನ ಉದ್ಯೋಗ ಎಂದರೆ ತಪ್ಪಾಗಲಾರದು. ಪರೀಕ್ಷೆಯ ಪ್ರವೇಶಪತ್ರ ತಡೆಹಿಡಿದ ದಿನ ನಾನು ಕೊಡಬಹುದಾದದ್ದು ಸಾಂತ್ವನ ಮಾತ್ರ. ಅದೇ ವಿಷಯವನ್ನು ಸೆಮಿಸ್ಟರಿನ ಎರಡನೆಯ ತಿಂಗಳಲ್ಲಿ ತಂದರೆ ಪರಿಹಾರವೇ ಇರುತ್ತದೆ.

ಹಾಜರಾತಿಯ ಮಾತನ್ನೇ ತೆಗೆದುಕೊಳ್ಳಿ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ 12ನೆಯ ನಿಯಮದಂತೆ ಪ್ರತಿ ವಿಷಯದಲ್ಲೂ ಶೇ. 70ರಷ್ಟು ಹಾಜರಾತಿ ಬೇಕು. ಅಸಾಧಾರಣ ಕಾರಣವಿದ್ದು, ಆ ವಿಷಯದಲ್ಲಿ ಶೇ. 65 ಮತ್ತು ಎಲ್ಲ ವಿಷಯಗಳನ್ನೂ ಸೇರಿಸಿ ಶೇ. 70 ಹಾಜರಾತಿ ಇದ್ದರೆ ಪ್ರಾಂಶುಪಾಲರು ಪರೀಕ್ಷೆಗೆ ಅವಕಾಶ ಕೊಡಬಹುದು. ವಿದ್ಯಾರ್ಥಿಗಳ ಬಾಯಲ್ಲಿ ಇದು "ಶೇ. 65 ಇದ್ದರೆ ಸಾಕು" ಎಂದಾಗಿದೆ. "ಅಸಾಧಾರಣ ಕಾರಣ" ಎಂಬುದನ್ನು ಎಲ್ಲರೂ ನಯವಾಗಿ ನುಂಗಿಬಿಡುತ್ತಾರೆ. ಶಾಸನದ ಒಂದೊಂದು ಪದವನ್ನೂ ತೂಗಿ ಓದಬೇಕೆಂದು ಬೆಳಗ್ಗೆ ತರಗತಿಯಲ್ಲಿ ಕಲಿತವರು ಮಧ್ಯಾಹ್ನ ತಮ್ಮದೇ ನಿಯಮವನ್ನು ಹೀಗೆ ಓದುತ್ತಾರೆ.

ಶೇಕಡಾ ಲೆಕ್ಕದಲ್ಲಿ ಮಾತನಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಶೇ. 72 ಎಂದರೆ ಯಾರಿಗೂ ಭಯ ಹುಟ್ಟುವುದಿಲ್ಲ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 60 ತರಗತಿ ನಡೆಯುವುದಾದರೆ ತಪ್ಪಿಸಿಕೊಳ್ಳಲು ಇರುವುದು 18. ಮೊದಲ ತಿಂಗಳಲ್ಲೇ ಒಂಬತ್ತು ತಪ್ಪಿಸಿದವನಿಗೆ "ಅರ್ಧ ಖರ್ಚಾಗಿದೆ, ಇನ್ನು ಮೂರು ತಿಂಗಳಿದೆ" ಎಂದು ಚೀಟಿಯಲ್ಲಿ ಬರೆದು ಕೈಗಿಡುತ್ತೇನೆ. ಆ ಚೀಟಿ ಕೆಲಸ ಮಾಡುತ್ತದೆ. ಪ್ರತಿ ತಿಂಗಳ ಕೊನೆಗೆ ವಿಷಯವಾರು ಪಟ್ಟಿ ತರಿಸಿಕೊಂಡು, ಒಂದೇ ವಿಷಯದಲ್ಲಿ ಹಿಂದೆ ಬಿದ್ದವರನ್ನೂ ಎಲ್ಲದರಲ್ಲೂ ಬಿದ್ದವರನ್ನೂ ಬೇರೆಬೇರೆಯಾಗಿ ಗುರುತು ಹಾಕುತ್ತೇನೆ. ಮೊದಲಿನವರದು ಸಾಮಾನ್ಯವಾಗಿ ಆ ಅಧ್ಯಾಪಕರ ಜೊತೆಗಿನ ಮನಸ್ತಾಪ, ಇಲ್ಲವೇ ಬೆಳಗಿನ ಮೊದಲ ತರಗತಿ. ಎರಡನೆಯವರ ಬದುಕಿನಲ್ಲಿ ಏನೋ ನಡೆದಿರುತ್ತದೆ. ಮೂರು ವರ್ಷದ ಎಲ್‌ಎಲ್‌ಬಿ ತರಗತಿಯಲ್ಲಿ ಇಪ್ಪತ್ತೆರಡರ ಹುಡುಗನ ಪಕ್ಕದಲ್ಲಿ ನಿವೃತ್ತ ಅಧಿಕಾರಿ, ಅವರ ಹಿಂದೆ ಮಗುವನ್ನು ಶಾಲೆಗೆ ಬಿಟ್ಟು ಬಂದ ತಾಯಿ ಕುಳಿತಿರುತ್ತಾರೆ. ಒಂದೇ ಸುತ್ತೋಲೆಯಿಂದ ಇವರೆಲ್ಲರನ್ನೂ ತರಗತಿಗೆ ತರಬಹುದೆಂದು ನಂಬುವವರು ಆ ಪಟ್ಟಿಯನ್ನು ಕಣ್ಣಾರೆ ನೋಡಿರಲಾರರು.

ಹಾಜರಾತಿಯ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದೆಂದು 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಮೇಲೆ, ತೀರ್ಪಿನ ಪ್ರತಿಯನ್ನೇ ಹಿಡಿದು ಬರುವವರಿದ್ದಾರೆ. ಕಡ್ಡಾಯ ಹಾಜರಾತಿಯ ಒತ್ತಡದ ಬಗ್ಗೆ ಆ ನ್ಯಾಯಾಲಯ ಎತ್ತಿದ ಕಳವಳ ನನ್ನದೂ ಹೌದು. ಆದರೂ ಅವರಿಗೆ ಹೇಳುವುದು ಇಷ್ಟೇ: ನಿಮ್ಮ ವಿಶ್ವವಿದ್ಯಾಲಯ ಲಿಖಿತವಾಗಿ ನಿಯಮ ಬದಲಿಸುವವರೆಗೆ ಹಳೆಯದೇ ಇದೆ ಎಂದುಕೊಂಡು ತರಗತಿಗೆ ಬನ್ನಿ, ವಾದವನ್ನು ಮೂಟ್ ಕೋರ್ಟಿಗೆ, ಅಂದರೆ ಕಾಲೇಜಿನ ಅಣಕು ನ್ಯಾಯಾಲಯಕ್ಕೆ, ಇಟ್ಟುಕೊಳ್ಳಿ.

ಓದಿನ ತೊಂದರೆಗಳು ಇಷ್ಟು ಸುಲಭವಾಗಿ ಪಟ್ಟಿಗೆ ಸಿಗುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಪ್ಪಂದ ಕಾನೂನಿನ ಉತ್ತರ ಪತ್ರಿಕೆಯ ಪ್ರತಿ ತಂದಿದ್ದಳು. ಹದಿನೇಳರ ರಾಜು ವಯಸ್ಸು ಸುಳ್ಳು ಹೇಳಿ ಮೊಬೈಲನ್ನು ಸಾಲದಲ್ಲಿ ಕೊಂಡಿದ್ದಾನೆ, ಅಂಗಡಿಯವನಿಗೆ ಪರಿಹಾರವುಂಟೇ ಎಂಬುದು ಪ್ರಶ್ನೆ. ಒಪ್ಪಂದ ಮಾಡಿಕೊಳ್ಳಲು ಯಾರು ಅರ್ಹರು ಎಂದು ಹೇಳುವ 1872ರ ಒಪ್ಪಂದ ಕಾಯ್ದೆಯ 11ನೆಯ ಕಲಮನ್ನು ಆಕೆ ತಪ್ಪಿಲ್ಲದೆ ಬರೆದಿದ್ದಳು. ಅಪ್ರಾಪ್ತರ ಒಪ್ಪಂದ ಅನೂರ್ಜಿತ ಎಂದ 1903ರ ಮೊಹೊರಿ ಬೀಬಿ ಪ್ರಕರಣದ ಸಂಗತಿಗಳನ್ನು ಒಂದೂವರೆ ಪುಟ ತುಂಬಿಸಿದ್ದಳು. "ಆದ್ದರಿಂದ ಒಪ್ಪಂದ ಅನೂರ್ಜಿತ" ಎಂದು ಮುಗಿಸಿದ್ದಳು. ಬಂದದ್ದು ಅರ್ಧಕ್ಕಿಂತ ಕಡಿಮೆ ಅಂಕ. ಪೆನ್ಸಿಲ್ ಕೊಟ್ಟು, "ನಿಮ್ಮ ಉತ್ತರದಲ್ಲಿ ರಾಜು ಎಲ್ಲೆಲ್ಲಿ ಬರುತ್ತಾನೋ ಅಲ್ಲೆಲ್ಲ ಗೆರೆ ಹಾಕಿ" ಎಂದೆ. ಪುಟ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು. ರಾಜು ಎಲ್ಲೂ ಇರಲಿಲ್ಲ. ಅವನು ಹೇಳಿದ ಸುಳ್ಳಿನಿಂದ ಏನು ವ್ಯತ್ಯಾಸವಾಗುತ್ತದೆ, ಮೊಬೈಲ್ ಇನ್ನೂ ಅವನ ಬಳಿಯೇ ಇದ್ದರೆ ಹಿಂದಕ್ಕೆ ಕೊಡಿಸಬಹುದೇ, ಅಂಕವಿದ್ದದ್ದು ಅಲ್ಲಿ. ಮೌಲ್ಯಮಾಪಕರ ಮೇಲಿನ ದೂರು ಅಲ್ಲಿಗೆ ನಿಂತಿತು. ಈಗ ಅಂಕದ ದೂರು ತರುವ ಪ್ರತಿಯೊಬ್ಬರಿಗೂ ಮೊದಲು ಪೆನ್ಸಿಲ್ ಕೊಡುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಸಂಕಟ ಬೇರೆ. ಅವರಿಗೆ ವಿಷಯ ಗೊತ್ತಿಲ್ಲವೆಂದು ಅವರೇ ತೀರ್ಮಾನಿಸಿಕೊಂಡಿರುತ್ತಾರೆ. ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸಿದರೆ ಮುಕ್ಕಾಲು ಪಾಲು ಸರಿಯಾಗಿಯೇ ಹೇಳುತ್ತಾರೆ. ನಾನು ಎದುರು ಕುಳಿತು ಅವರು ಹೇಳಿದ್ದರ ತಲೆಬರಹಗಳನ್ನಷ್ಟೇ ಗುರುತು ಹಾಕಿಕೊಡುತ್ತೇನೆ, ಉತ್ತರದ ಎಲುಬುಗೂಡು ಅಲ್ಲೇ ಸಿಕ್ಕಿರುತ್ತದೆ. ಇವರಲ್ಲೇ ಕೆಲವರು ಶ್ರದ್ಧೆ ಹೆಚ್ಚಾಗಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪನ್ನು ಮೊದಲ ಪುಟದಿಂದ ಓದಲು ಹೊರಡುತ್ತಾರೆ. 1973ರಲ್ಲಿ ಹದಿಮೂರು ನ್ಯಾಯಮೂರ್ತಿಗಳು ಏಳಕ್ಕೆ ಆರರ ಬಹುಮತದಿಂದ ಕೊಟ್ಟ, ನೂರಾರು ಪುಟಗಳ ತೀರ್ಪು ಅದು. ನಾಲ್ಕನೆಯ ದಿನ ಕಾನೂನೇ ತಮಗೆ ಒಗ್ಗದು ಎಂದು ಬಂದು ಕೂರುತ್ತಾರೆ. ಮೊದಲು ಪಾಠದ ಟಿಪ್ಪಣಿ, ನಂತರ ಒಬ್ಬ ನ್ಯಾಯಮೂರ್ತಿಯ ಅಭಿಪ್ರಾಯದಿಂದ ಆಯ್ದ ಭಾಗ, ಆಮೇಲೆ ಅದಕ್ಕೆ ಭಿನ್ನವಾದ ಒಂದು ಅಭಿಪ್ರಾಯ, ಇಷ್ಟು ಸಾಕು ಎಂದು ಯಾರಾದರೂ ಹೇಳಬೇಕು. ಆ ಯಾರೋ ನಾನಾಗಿದ್ದೇನೆ.

2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ ನಂತರ ಇನ್ನೊಂದು ಗುಂಪು ಸೇರಿಕೊಂಡಿದೆ. ಹಳೆಯ ದಂಡ ಸಂಹಿತೆಯ ಪತ್ರಿಕೆ ಬಾಕಿ ಉಳಿಸಿಕೊಂಡವರು ಕೊಲೆಗೆ ಹಳೆಯದರ 302ನೆಯ ಕಲಮನ್ನೂ ನ್ಯಾಯ ಸಂಹಿತೆಯ 103ನ್ನೂ ಒಟ್ಟಿಗೆ ನೆನಪಿಡಬೇಕಾಗಿದೆ. ಹಿರಿಯರಿಂದ ಬಂದ ನೋಟ್ಸನ್ನು ಹಾಗೆಯೇ ನಂಬಬೇಡಿ, ಪತ್ರಿಕೆಯ ಪಠ್ಯಕ್ರಮದ ವರ್ಷ ನೋಡಿ ಎನ್ನುವುದಕ್ಕಿಂತ ಹೆಚ್ಚಿನ ಸಲಹೆ ನನ್ನಲ್ಲಿಲ್ಲ.

ಮನಸ್ಸಿನ ನೋವು ಹೇಳಿಕೊಳ್ಳಲು ಬರುವವರ ಎದುರು ಮಾತ್ರ ಮೊದಲು ನನ್ನ ಮಿತಿಯನ್ನು ಹೇಳುತ್ತೇನೆ. ಬೇರೆ ಕಡೆ ಈ ಮಾತಿಗೆ ತಲೆಯಾಡಿಸುತ್ತಾರೆ, ಇಲ್ಲಿ ಪಾಟೀಸವಾಲು ಬರುತ್ತದೆ: "ವಕೀಲರಿಗೆ ಹೇಳಿದ್ದು ಹೊರಗೆ ಬರುವಂತಿಲ್ಲ, ಹಳೆಯ ಸಾಕ್ಷ್ಯ ಕಾಯ್ದೆಯ 126ನೆಯ ಕಲಮು, ಈಗಿನ ಸಾಕ್ಷ್ಯ ಅಧಿನಿಯಮದ 132. ನಿಮಗೂ ಅದು ಅನ್ವಯಿಸುತ್ತದೆಯೇ?" ಇಲ್ಲ. ನಾನು ಅವರ ವಕೀಲೆಯಲ್ಲ, ಮನೋವೈದ್ಯೆಯೂ ಅಲ್ಲ. ಹೇಳಿದ್ದನ್ನು ಊರಿಗೆ ಹಂಚುವುದಿಲ್ಲ, ಆದರೆ ಜೀವಕ್ಕೆ ಅಪಾಯವಿದೆ ಎನಿಸಿದರೆ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ತಿಳಿಸಿದರೆ ಕೆಲವರು ಮಾತು ನಿಲ್ಲಿಸಬಹುದು ಎಂಬ ಆಕ್ಷೇಪವಿದೆ. ನನ್ನ ಅನುಭವದಲ್ಲಿ ನಿಲ್ಲಿಸಿದವರು ವಿರಳ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಸಮಾಲೋಚಕರ ಫೋನ್ ಸಂಖ್ಯೆ ಬರೆದುಕೊಟ್ಟು ಕಳಿಸಿದರೆ ಅರ್ಧದಷ್ಟು ಜನ ಹೋಗುವುದೇ ಇಲ್ಲ. ಆದ್ದರಿಂದ ನನ್ನ ಎದುರಿಗೇ ಕರೆ ಮಾಡಿ ಸಮಯ ಗೊತ್ತುಮಾಡಿಸುತ್ತೇನೆ, ಬೇಕೆಂದರೆ ಬಾಗಿಲವರೆಗೆ ಜೊತೆಗೆ ನಡೆಯುತ್ತೇನೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವರ ಮೊಬೈಲಿನಲ್ಲಿ ಉಳಿಸಿಕೊಂಡಿದ್ದಾರೆಯೇ ಎಂದು ನೋಡಿಯೇ ಕಳಿಸುತ್ತೇನೆ.

ಪರೀಕ್ಷೆಯಲ್ಲಿ ತಮ್ಮ ಪರವಾಗಿ ಉತ್ತರ ಬರೆದುಕೊಡುವ ಲಿಪಿಕಾರರ ಸಹಾಯ ಬೇಕಾದವರಂತೂ ಬಾಯಿಬಿಡುವುದೇ ಕೊನೆಗಳಿಗೆಯಲ್ಲಿ. ಅಂಗವೈಕಲ್ಯದ ಪ್ರಮಾಣ ಶೇ. 40 ಇಲ್ಲ, ಹಾಗಾಗಿ ಕೇಳುವ ಹಕ್ಕಿಲ್ಲ ಎಂದುಕೊಂಡಿರುತ್ತಾರೆ. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಅಭ್ಯರ್ಥಿಯ ಪ್ರಕರಣದಲ್ಲಿ, ಲಿಪಿಕಾರರನ್ನು ಕೊಡಲು ಆ ಪ್ರಮಾಣವೇ ಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ತೀರ್ಪು ಪರವಾಗಿದ್ದರೂ ವೈದ್ಯರ ಪ್ರಮಾಣಪತ್ರ, ಅರ್ಜಿ, ಅನುಮೋದನೆ ಇವೆಲ್ಲ ಪರೀಕ್ಷೆಯ ಹಿಂದಿನ ದಿನ ಆಗುವ ಕೆಲಸಗಳಲ್ಲ. ಇಂಟರ್ನ್‌ಶಿಪ್ ಕೂಡ ಹಾಗೆಯೇ: ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20. ಮನೆಯಲ್ಲಿ ವಕೀಲರಿದ್ದವರಿಗೆ ಒಂದು ಕರೆಯ ಕೆಲಸ. ಇಲ್ಲದವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿಸುತ್ತೇನೆ, ಕಕ್ಷಿದಾರರ ಮುಖ ಅಲ್ಲಿ ಕಾಣುವಷ್ಟು ದೊಡ್ಡ ಕಚೇರಿಗಳಲ್ಲಿ ಕಾಣುವುದಿಲ್ಲ.

ಕೊನೆಯ ವರ್ಷದವರದು ಎರಡೇ ಭಯ. ಪ್ರತಿಭಟನೆಯೊಂದರಲ್ಲಿ ಎಫ್‌ಐಆರ್ ಆಗಿದೆ, ವಕೀಲಿಕೆಯ ಸನ್ನದು ಸಿಗುತ್ತದೆಯೇ ಎಂಬುದು ಮೊದಲನೆಯದು. 1961ರ ವಕೀಲರ ಕಾಯ್ದೆಯ 24ಎ ಕಲಮನ್ನು ಅವರಿಂದಲೇ ಓದಿಸುತ್ತೇನೆ. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವರ ಮಾತು ಅಲ್ಲಿದೆ, ಎಫ್‌ಐಆರ್ ಆದವರದ್ದಲ್ಲ. ಅರ್ಜಿಯಲ್ಲಿ ಬಾಕಿ ಪ್ರಕರಣದ ಬಗ್ಗೆ ಕೇಳಿದರೆ ಮುಚ್ಚಿಡದೆ ಬರೆಯಿರಿ ಎಂಬುದು ನನ್ನ ಸೇರ್ಪಡೆ. ಮುಚ್ಚಿಟ್ಟದ್ದು ಪ್ರಕರಣಕ್ಕಿಂತ ಹೆಚ್ಚು ಕಾಡುತ್ತದೆ.

ಎರಡನೆಯ ಭಯ ಹಣದ್ದು. ವಕೀಲರಾಗಿ ನೋಂದಣಿಗೆ ಹತ್ತಾರು ಸಾವಿರ ಹೊಂದಿಸಬೇಕೆಂದು ಹಿರಿಯರಿಂದ ಕೇಳಿ, ಸನ್ನದಿನ ಆಸೆಯನ್ನೇ ಬಿಟ್ಟವರನ್ನು ಕಂಡಿದ್ದೇನೆ. ಕಾಯ್ದೆಯಲ್ಲಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125ಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿತು. ಮುದ್ರಾಂಕ ಶುಲ್ಕ ಬೇರೆ, ಅಖಿಲ ಭಾರತ ವಕೀಲರ ಪರೀಕ್ಷೆಯ ಶುಲ್ಕವೂ ಬೇರೆ. ಇದನ್ನು ಕೊನೆಯ ವರ್ಷದ ಮೊದಲ ವಾರದಲ್ಲೇ ಹೇಳಿ, ಅದೇ ಕುಳಿತಲ್ಲಿ ಹತ್ತನೆಯ ತರಗತಿಯಿಂದ ಇಲ್ಲಿಯವರೆಗಿನ ಅಂಕಪಟ್ಟಿಗಳನ್ನು ಸಾಲಾಗಿ ಇಡಿಸಿ ಹೆಸರು ಹೋಲಿಸಿ ನೋಡುತ್ತೇನೆ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಹೆಸರು ಪೂರ್ತಿ. ತಿದ್ದಿಸಲು ತಿಂಗಳುಗಳೇ ಹಿಡಿಯುತ್ತವೆ. ಈ ವರ್ಷವೂ ಅಂಥವರು ಸಿಕ್ಕಿದ್ದಾರೆ, ಅವರ ತಿದ್ದುಪಡಿ ಅರ್ಜಿಗಳು ಆಗಲೇ ಹೋಗಿವೆ.