ಎರಡು ಲೂಡೊ ದಾಳ, ನಾಲ್ಕು ಜನ, ಒಂದು ಹೊಳೆ

ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಕಾಸರಗೋಡಿನ ಕಡೆ ಸಂಜೆಗಳು ಉದ್ದವಾಗುತ್ತವೆ. ಹೊರಗೆ ಬಿಡದ ಮಳೆ, ಒಳಗೆ ಆಗಾಗ ಕೈಕೊಡುವ ಕರೆಂಟು. ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಶುರುಮಾಡಲು ಇದೇ ಒಳ್ಳೆಯ ಕಾಲ. ಒಬ್ಬರು ಸನ್ನಿವೇಶ ಹೇಳುತ್ತಾರೆ. ಅವರು ಗೇಮ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡ್ತೇನೆ’ ಅನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನಿಂದ ಈ ಬಗೆಯ ಆಟಗಳ ಹಾದಿ ತೆರೆಯಿತು. ಮಕ್ಕಳಾಟವೆಂದು ದೂರ ಇಡಬೇಡಿ.

ತಾಳಮದ್ದಳೆ ಕೇಳುತ್ತ ಬೆಳೆದವರಿಗೆ ಅರ್ಧ ಆಟ ಆಗಲೇ ಗೊತ್ತು. ವೇಷವಿಲ್ಲ, ರಂಗವಿಲ್ಲ, ಎದುರಿನವರ ಮಾತಿಗೆ ಅಲ್ಲಿಂದಲ್ಲೇ ಹುಟ್ಟುವ ಮಾತು. ವ್ಯತ್ಯಾಸ ಒಂದೇ, ಆದರೆ ಅದು ಸಣ್ಣದಲ್ಲ. ಕರ್ಣನ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗದ ಕೊನೆಗೆ ಕರ್ಣ ಬೀಳಲೇಬೇಕು. ಇಲ್ಲಿ ಕೊನೆ ಏನೆಂದು ಕತೆ ಹೇಳುವವರಿಗೂ ಗೊತ್ತಿರುವುದಿಲ್ಲ.

ಮೊದಲು ದಿನ ಗೊತ್ತುಮಾಡಿ

ದೊಡ್ಡವರ ಆಟ ಕೆಡುವುದು ನಿಯಮ ತಿಳಿಯದೆ ಅಲ್ಲ, ದಿನ ಕೂಡಿಬರದೆ. ನಮ್ಮಲ್ಲಿ ಆದಿತ್ಯವಾರ ಅಂದರೆ ಮದುವೆ, ಮನೆ ಒಕ್ಕಲು, ಬೊಜ್ಜ (ಉತ್ತರಕ್ರಿಯೆ). ಹಾಗಾಗಿ ವಾರದ ನಡುವಿನ ಒಂದು ಸಂಜೆ ಹಿಡಿಯಿರಿ. ಗೇಮ್ ಮಾಸ್ಟರ್ ಸೇರಿ ನಾಲ್ಕೈದು ಜನ ಸಾಕು. ಮೂವರು ಬಂದರೂ ಆಟ ನಡೆಯಬೇಕು. ಬಾರದವರ ಪಾತ್ರಕ್ಕೆ ಆ ದಿನ ಜ್ವರ. ಎಲ್ಲರೂ ಸೇರಲಿ ಎಂದು ಕಾದ ಗುಂಪು ಆಡಿದ್ದನ್ನು ನಾನು ಕಂಡಿಲ್ಲ. ಮೊದಲ ಕತೆ ಒಂದೇ ಸಂಜೆಯಲ್ಲಿ, ಮೂರು ಗಂಟೆಯೊಳಗೆ ಮುಗಿಯುವಂತಿರಲಿ. ವರ್ಷಗಟ್ಟಲೆ ನಡೆಯುವ ಮಹಾಕತೆಯ ಆಸೆ ಆಮೇಲೆ ನೋಡೋಣ.

ನಿಯಮ, ಒಂದು ಹಾಳೆಯಷ್ಟು

ಪುಸ್ತಕ ಕೊಳ್ಳುವ ಮೊದಲು ಮನೆಯ ಲೂಡೊ ಪೆಟ್ಟಿಗೆಯಿಂದ ಎರಡು ದಾಳ ತೆಗೆದುಕೊಳ್ಳಿ. ಪ್ರತಿ ಪಾತ್ರಕ್ಕೆ ಒಂದು ಹೆಸರು, ಒಂದು ಕಸುಬು, ಒಂದು ಹೆದರಿಕೆ. ಬಲ, ಜಾಣ್ಮೆ, ಮಾತು ಈ ಮೂರರಲ್ಲಿ ಒಂದಕ್ಕೆ 2, ಇನ್ನೊಂದಕ್ಕೆ 1, ಉಳಿದದ್ದಕ್ಕೆ ಸೊನ್ನೆ. ಎರಡೂ ದಾಳ ಹಾಕಿ, ಬಿದ್ದದ್ದಕ್ಕೆ ಆ ಗುಣದ ಅಂಕ ಕೂಡಿಸಿ. 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನಾದರೂ ತೆರಬೇಕು. 6 ಅಥವಾ ಕಡಿಮೆಯಾದರೆ ಗ್ರಹಚಾರ. 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್ ಎಂಬ ಆಟ ರೂಢಿಗೆ ತಂದ ಅಳತೆ ಇದು.

ಲೆಕ್ಕ ಬೇಕಾದವರಿಗೆ: ಎರಡು ದಾಳ 36 ಬಗೆಯಲ್ಲಿ ಬೀಳಬಹುದು. ಸೊನ್ನೆ ಇರುವವರಿಗೆ ಪೂರ್ತಿ ಗೆಲುವು 6 ಬಗೆಯಲ್ಲಿ, ಸೋಲು 15 ಬಗೆಯಲ್ಲಿ. 2 ಇರುವವರಿಗೆ ಇದು ತಿರುವುಮುರುವು: ಗೆಲುವು 15, ಸೋಲು 6. ನಡುವಿನ ‘ಆಯಿತು, ಆದರೆ’ ಇಬ್ಬರಿಗೂ 15. ಕತೆ ಬೆಳೆಯುವುದು ಈ ನಡುವಿನ ಹದಿನೈದರಲ್ಲಿ.

ಕತೆಯನ್ನು ಹತ್ತಿರದಿಂದಲೇ ಎತ್ತಿಕೊಳ್ಳಿ

ಯುರೋಪಿನ ಡ್ರ್ಯಾಗನ್ನೇ ಬೇಕೆಂದಿಲ್ಲ. ಕಾಲ 17ನೇ ಶತಮಾನ. ಬೇಕಲದ ಕೋಟೆ ಕೆಳದಿಯ ಶಿವಪ್ಪ ನಾಯಕನ ಕೈಯಲ್ಲಿದೆ. ಕುಂಬಳೆಯಿಂದ ಅಲ್ಲಿಗೆ ಬೆಳಗಾಗುವುದರೊಳಗೆ ಒಂದು ಓಲೆ ಮುಟ್ಟಬೇಕು. ನಡುವೆ ಮೊಗ್ರಾಲ್ ಹೊಳೆ. ಅದರಾಚೆ ಚಂದ್ರಗಿರಿ, ತುಳುನಾಡಿಗೂ ಕೋಲತ್ತುನಾಡಿಗೂ ಗಡಿ ಎನಿಸಿದ ಹೊಳೆ. ಗೇಮ್ ಮಾಸ್ಟರ್ ಬರೆದಿಟ್ಟುಕೊಳ್ಳಬೇಕಾದ್ದು ಮೂರು ಜಾಗ, ಮೂರು ಜನ, ಅವರಲ್ಲಿ ಒಬ್ಬನ ಗುಟ್ಟು. ಅದಕ್ಕಿಂತ ಹೆಚ್ಚು ಬರೆದರೆ ಆಟಗಾರರನ್ನು ಆ ದಾರಿಗೇ ಎಳೆಯುವ ಚಪಲ ಹುಟ್ಟುತ್ತದೆ.

ಆಟ ಹೀಗೆ ನಡೆಯುತ್ತದೆ.

‘ನಡುರಾತ್ರಿ. ಚಂದ್ರಗಿರಿ ತುಂಬಿ ಹರಿಯುತ್ತಿದೆ. ದೋಣಿಯವ ಓಲೆಕೊಡೆಯಡಿ ಮುದುಡಿ ಕೂತಿದ್ದಾನೆ. ಇತ್ತೆ ಓಡ ಪೋಪುಜಿ ಮಾರಾಯ್ರೆ (ಈಗ ದೋಣಿ ಹೋಗುವುದಿಲ್ಲ), ಅಂತಾನೆ. ಏನು ಮಾಡ್ತೀರಿ?’

‘ಇವನ ಮಗಳ ಮದುವೆ ಹತ್ತಿರ ಬಂದಿದೆ ಅಂತ ಕೇಳಿದ್ದೆ. ಆ ವಿಷಯ ತೆಗೀತೇನೆ.’

‘ಹಾಗಾದ್ರೆ ಮಾತು. ಹಾಕಿ ದಾಳ.’

ನಾಲ್ಕು, ಎರಡು. ಮಾತಿನ 2 ಸೇರಿ ಎಂಟು.

‘ದಾಟಿಸ್ತಾನೆ. ಆದರೆ ಕುದುರೆಗಳನ್ನು ಇಲ್ಲೇ ಬಿಡಬೇಕಂತೆ. ಬೆಳಗಿನೊಳಗೆ ಬೇಕಲ ಮುಟ್ಟುವುದು ಹೇಗೆ ಅಂತ ನೀವೇ ನೋಡಿ.’

ಇದೇ ದಾಳಗಳೆರಡರಲ್ಲೂ ಒಂದೊಂದೇ ಬಿದ್ದು ಮಾತಿನ 2 ಸೇರಿ ಒಟ್ಟು ನಾಲ್ಕಾಗಿದ್ದರೆ? ‘ಒಪ್ಪಲಿಲ್ಲ’ ಎಂದು ಕೈತೊಳೆದುಕೊಳ್ಳಬೇಡಿ. ಕತೆ ದಡದಲ್ಲೇ ಕೂರುತ್ತದೆ. ದೋಣಿಯವ ಒಪ್ಪಲಿ, ನಡುಹೊಳೆಯಲ್ಲಿ ಹುಟ್ಟು ಎತ್ತಿಟ್ಟು ಓಲೆ ಕೇಳಲಿ. ಸೋತರೂ ಏನಾದರೂ ಆಗಬೇಕು. ಗೇಮ್ ಮಾಸ್ಟರ್ ಕಲಿಯಬೇಕಾದ ವಿದ್ಯೆಗಳಲ್ಲಿ ನನ್ನ ಪ್ರಕಾರ ಇದೇ ಮುಖ್ಯ.

ದೋಣಿಯವ ತುಳುವಿನಲ್ಲಿ, ಕಾವಲುಗಾರ ಮಲಯಾಳದಲ್ಲಿ, ಕೋಟೆಯ ಗುಮಾಸ್ತ ಕನ್ನಡದಲ್ಲಿ ಮಾತಾಡಲಿ. ಸಪ್ತಭಾಷೆಯ ಊರಿನವರಿಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ. ನಾಚಿಕೆ ಇರುವವರು ದನಿ ಬದಲಿಸಬೇಕಿಲ್ಲ. ‘ನನ್ನವ ಹೀಗೆ ಹೇಳ್ತಾನೆ’ ಎಂದರೂ ನಡೆಯುತ್ತದೆ. ತೊಂದರೆ ಕೊಡುವವರು ಇನ್ನೊಂದು ಜಾತಿ: ಅರ್ಥ ಹೇಳುವ ಚಟ ಇದ್ದವರು ಅರ್ಧ ಗಂಟೆಯ ಪೀಠಿಕೆಗೆ ಕೂತರೆ ಉಳಿದವರು ಮೊಬೈಲು ತೆಗೆಯುತ್ತಾರೆ. ಗೇಮ್ ಮಾಸ್ಟರ್ ಮುಲಾಜಿಲ್ಲದೆ ಪಕ್ಕದವರ ಕಡೆ ತಿರುಗಿ ‘ನೀವೇನು ಮಾಡ್ತೀರಿ?’ ಎಂದು ಕೇಳಬೇಕು.

ಬೇಡದ್ದನ್ನು ಮೊದಲೇ ಕೇಳಿ

ಆಟಕ್ಕೆ ಕೂರುವ ಮುನ್ನ ಐದು ನಿಮಿಷ ಇದಕ್ಕೇ ಇಡಿ: ಯಾವುದು ಕತೆಯಲ್ಲಿ ಬರಬಾರದು? ನೀರಿನಲ್ಲಿ ಮನೆಯವರನ್ನು ಕಳಕೊಂಡವರು ಗುಂಪಿನಲ್ಲಿದ್ದರೆ ದೋಣಿ ಮಗುಚುವ ಪ್ರಸಂಗ ಬೇಡವೇ ಬೇಡ. ಕಾರಣ ಕೇಳಬಾರದು, ವಾದ ಮಾಡಬಾರದು. ನಮ್ಮ ಕಡೆಗೆ ಇನ್ನೊಂದು ಸೇರಿಸುತ್ತೇನೆ. ದೈವವನ್ನು ದಾಳದ ಲೆಕ್ಕಕ್ಕೆ ತರಬೇಡಿ. ನಿಮಗೆ ಅದು ಕತೆ, ಪಕ್ಕದಲ್ಲಿ ಕೂತವರಿಗೆ ಮನೆತನದ ನಂಬಿಕೆ. ಭಯ ಹುಟ್ಟಿಸಲು ಕಾಡು, ಕತ್ತಲೆ, ಹಸಿದ ಸೈನಿಕರು ಧಾರಾಳ ಸಾಕು.

ನಾಲ್ಕಾರು ಕತೆ ಮುಗಿದು ರುಚಿ ಹತ್ತಿತೆನ್ನಿ, ಆಗ ದೊಡ್ಡ ಆಟಗಳತ್ತ ಹೋಗಿ. ಅದಕ್ಕೂ ದುಡ್ಡು ಸುರಿಯಬೇಕಿಲ್ಲ: ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಇಪ್ಪತ್ತು ಮುಖದ ದಾಳ. ಮಧ್ಯಮ ಕಷ್ಟದ ಕೆಲಸಕ್ಕೆ 15 ಮುಟ್ಟಬೇಕು. ದಾಳ ಕೈಯಲ್ಲಿಲ್ಲದಿದ್ದರೆ ಮೊಬೈಲಿನ ಆ್ಯಪ್ ಸಾಕು. ಗಲ್ಫಿನಲ್ಲಿರುವ ಗೆಳೆಯರನ್ನು ವಿಡಿಯೊ ಕಾಲ್‌ನಲ್ಲಿ ಸೇರಿಸಿಕೊಳ್ಳಬಹುದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಅವರ ಡ್ಯೂಟಿ ಮುಗಿಯುವ ಹೊತ್ತು ನೋಡಿಕೊಂಡು, ಊಟ ಮುಗಿಸಿಯೇ ಕೂರಿ.