ಬೀಪ್ ನಂಬಿ ಕೆಟ್ಟೆ, 21 ವಾಟ್ ಬಲ್ಬ್ ಹಿಡಿದು ಗೆದ್ದೆ

ಈ ಬೈಕಿಗೆ ಈಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ ಅಂತ ಮೂರು ಗ್ಯಾರೇಜ್‌ಗಳಲ್ಲಿ ಹೇಳಿ ಕಳಿಸಿದ್ದರು. ಹೋಗಿರಲಿಲ್ಲ. ಹೇಗೆ ಹಿಡಿದೆ ಅಂತ ಬರೆಯುತ್ತೇನೆ, ಹಳೇ ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಗಾಡಿ ಮುಟ್ಟುವವರಿಗೆ ಉಪಯೋಗವಾಗುತ್ತದೆ.

2010ರ 150 ಸಿಸಿ ಗಾಡಿ. ಪಾಂಡವಪುರದ ಕಡೆ ಆಲೆಮನೆ ನಡೆಸುವವರದು. ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಓಡಿದ ಮೇಲೆ ಕೀ ತಿರುಗಿಸಿದ ಹಾಗೆ ಆಫ್. ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸರಿ. ಚೆಕ್ ಲೈಟ್‌ನಲ್ಲಿ ದೋಷ ತೋರಿಸುವ ಒಂದು ಕೋಡೂ ಇಲ್ಲ. ಅವರು ಬೇಸತ್ತು, "ಬುಡಣ್ಣ, ಕೀಯ ನಿನ್ ತಾವೇ ಮಡಿಕೋ, ಆದಾಗ ಹೇಳು" ಅಂತ ನಮ್ಮ ಮಂಡ್ಯದ ಗ್ಯಾರೇಜಲ್ಲೇ ಬಿಟ್ಟು ಹೋದರು.

ಮೊದಲು ನಾನೂ ಎಲ್ಲರ ಹಾಗೇ ಹೋದೆ. ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಬದಲಾಯಿಸಿದೆ, 4,000 ಚಿಲ್ಲರೆ. ಅದೇ ಕಥೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಈಸಿಯು ತರಿಸಿದೆ, 6,500 ಇರಬೇಕು. ಹಾಕಿದೆ, ಶ್ರೀರಂಗಪಟ್ಟಣ ಮುಟ್ಟೋ ಹೊತ್ತಿಗೆ ಆಫ್. ವಾಪಸ್ ಕೊಟ್ಟಾಗ 1,500 ಹಿಡಿದುಕೊಂಡರು. ಅದು ನನ್ನ ಕೈಯಿಂದಲೇ ಹೋಯಿತು. ಮನೆಯಿಂದ ಹೇರ್ ಡ್ರೈಯರ್ ತಂದು ಹಳೇ ಈಸಿಯುಗೆ ಎರಡು ದಿನ ಬಿಸಿಗಾಳಿ ಬಿಟ್ಟೆ. ಕೈ ಇಡಲಾಗದಷ್ಟು ಕಾದರೂ ಇಂಜಿನ್ ನಿಲ್ಲಲಿಲ್ಲ. ಅಲ್ಲಿಗೆ ಈಸಿಯು ಮೇಲಿನ ಅನುಮಾನ ಪೂರ್ತಿ ಹೋಯಿತು.

ಆಮೇಲೆ ವೈರಿಂಗ್ ಕಿಟ್, ಅಂದರೆ ಗಾಡಿಯ ಪೂರ್ತಿ ವೈರ್‌ಗಳ ಕಟ್ಟು. ಮೀಟರ್ ಬೀಪ್‌ನಲ್ಲಿ ಇಟ್ಟು ಒಂದೊಂದು ವೈರ್ ನೋಡಿದೆ. ಎಲ್ಲಾ ಬೀಪ್ ಅಂದವು. ಅಲ್ಲೇ ನಾನು ಒಂದು ವಾರ ಕಳೆದುಕೊಂಡದ್ದು. ನಮ್ಮ ಮಾಮೂಲಿ ಮೀಟರ್‌ಗಳು 30, 40 ಓಮ್ ಇದ್ದರೂ ಬೀಪ್ ಅನ್ನುತ್ತವೆ. ಹತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತೆ. ಪಂಪ್‌ಗೆ ಬೇಕಾದಷ್ಟು ಕರೆಂಟ್ ಆ ಒಂದು ಎಳೆಯಲ್ಲಿ ಹೋಗುತ್ತಾ? ವೈರ್‌ಗೆ ಕೆಲಸ ಕೊಟ್ಟು ನೋಡಬೇಕು, ಸುಮ್ನೆ ಬೀಪ್ ಕೇಳಿದರೆ ಸಾಲದು.

ಅದಕ್ಕೆ ಬ್ರೇಕ್ ಲೈಟಿನ 12 ವೋಲ್ಟ್, 21 ವಾಟ್ ಬಲ್ಬ್ ತಗೊಂಡೆ. ಹೋಲ್ಡರ್ ಸೇರಿ ನಲವತ್ತೋ ಐವತ್ತೋ ರೂಪಾಯಿ. ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಮೈಸೂರಿನಲ್ಲಿ ಇದೇ ಕೆಲಸ ಮಾಡುವ ಸ್ನೇಹಿತರಿಗೆ ಹೇಳಿದರೆ, "ಎಫ್‌ಐ ಗಾಡಿಗೆ ಬಲ್ಬಾ? ಸುಟ್ಟು ಹಾಕ್ತೀಯ, ಸ್ಕ್ಯಾನರ್ ಹಾಕು" ಅಂದರು. ಅವರ ಭಯದಲ್ಲಿ ಅರ್ಧ ನಿಜ ಇದೆ. ಈಸಿಯು ಕಪ್ಲರ್ (ವೈರ್‌ಗಳನ್ನು ಈಸಿಯುಗೆ ಸೇರಿಸುವ ಪ್ಲಗ್) ಬಿಚ್ಚದೆ ಬಲ್ಬ್ ತೋರಿಸಲೇಬಾರದು. ಸೆನ್ಸಾರ್ ವೈರ್‌ಗಳ ಹತ್ತಿರವೂ ಬೇಡ. ಬ್ಯಾಟರಿ ಮೈನಸ್ ತೆಗೆದು, ಕಪ್ಲರ್ ಬಿಚ್ಚಿ, ಮತ್ತೆ ಮೈನಸ್ ಹಾಕಿ, ಅರ್ಥ್ (ಬ್ಯಾಟರಿ ಮೈನಸ್‌ಗೆ ಹೋಗುವ) ಮತ್ತು ಪವರ್ ವೈರ್‌ಗಳಿಗೆ ಮಾತ್ರ.

ಬಲ್ಬಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಪ್ಲರಿನ ಅರ್ಥ್ ಪಿನ್‌ಗೆ. ಉರಿಯಿತು, ಆದರೆ ಕೆಂಪಗೆ, ಬ್ಯಾಟರಿ ಇಳಿದ ಟಾರ್ಚ್ ಹಾಗೆ. ಹಾಗೇ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ಪೂರ್ತಿ ಆರಿತು. ನೇರ ಮಾಡಿದೆ, ಮತ್ತೆ ಕೆಂಪಗೆ. ಆಗ ಆದ ಖುಷಿ ಹೇಳತೀರದು. ಬಲ್ಬ್ ಉರಿಯುವಾಗಲೇ ಮೀಟರ್ ಇಟ್ಟು ನೋಡಿದರೆ ಅರ್ಥ್ ವೈರ್ ಒಂದೇ ಎಷ್ಟೋ ವೋಲ್ಟ್ ತಿನ್ನುತ್ತಿತ್ತು. ನನ್ನ ಲೆಕ್ಕದಲ್ಲಿ 0.2 ವೋಲ್ಟ್ ದಾಟಬಾರದು. ಕೋಡ್ ಯಾಕೆ ಇರಲಿಲ್ಲ ಅನ್ನುವುದೂ ಆಗಲೇ ಗೊತ್ತಾಯಿತು. ಅರ್ಥ್ ಕಡಿದಾಗ ಈಸಿಯುನೇ ಮಲಗುತ್ತೆ, ಕೋಡ್ ಬರೆಯುವವರು ಯಾರು?

ಟ್ಯಾಂಕ್ ಕೆಳಗೆ, ಹ್ಯಾಂಡಲ್ ಕುತ್ತಿಗೆಯ ಹಿಂದೆ, ನಾಲ್ಕು ಅರ್ಥ್ ವೈರ್ ಸೇರಿಸಿ ಒತ್ತಿದ ಜಾಯಿಂಟ್ ಟೇಪಿನೊಳಗೆ ಇತ್ತು. ಟೇಪ್ ಸುಲಿದರೆ ಹಸಿರು ಕಿಲುಬು, ಬೆರಳಿಗೆ ಪುಡಿಪುಡಿ ಹತ್ತಿತು. ಎರಡು ವೈರ್ ಎಳೆದ ತಕ್ಷಣ ಕೈಗೆ ಬಂದವು. ಆಲೆಮನೆ ಗಾಡಿ, ಬೆಲ್ಲದ ಅಂಟು ಅಂತ ವಾರಕ್ಕೊಮ್ಮೆ ವಾಟರ್ ಸರ್ವಿಸ್ ಮಾಡಿಸುತ್ತಿದ್ದರಂತೆ. ಪ್ರೆಶರ್ ನೀರು ಟೇಪಿನೊಳಗೆ ಹೋಗಿ ಅಲ್ಲೇ ನಿಂತಿದೆ. ಟೇಪ್ ಸುಲಿಯುವ ಮೊದಲೇ ಯಾವ ಜಾಯಿಂಟ್ ಅಂತ ಗುರುತು ಹಿಡಿಯಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ. ಗ್ಯಾರೇಜಿಗೆ ಬಂದರೆ ತೋರಿಸುತ್ತೇನೆ.

ಜಾಯಿಂಟ್ ಹೇಗೆ ಹಾಕಬೇಕು ಅಂತ ಬೇರೆ ಪರೀಕ್ಷೆಯೂ ಮಾಡಿದೆ. ಹಳೇ ವೈರ್‌ನಲ್ಲಿ ಮೂರು ಥರ ಜಾಯಿಂಟ್ ಮಾಡಿ ಉಪ್ಪುನೀರಿನ ಡಬ್ಬಿಯಲ್ಲಿ ಮೂರು ವಾರ ಇಟ್ಟೆ. ತಿರುಚಿ ಟೇಪ್ ಸುತ್ತಿದ್ದು ಮೊದಲ ವಾರಕ್ಕೇ ಹಸಿರಾಯಿತು. ಬೆಸುಗೆ ಹಾಕಿದ್ದು ಚೆನ್ನಾಗೇ ಇತ್ತು, ಆದರೆ ಬಗ್ಗಿಸಿ ಬಗ್ಗಿಸಿ ನೋಡಿದರೆ ಬೆಸುಗೆ ಮುಗಿಯುವ ಕಡೆಯೇ ವೈರ್ ಕಡಿಯಿತು. ಒತ್ತಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದ್ದು ಹೊಸದರಂತೆ ಹೊರಬಂತು. ಗಾಡಿಗೆ ಅದನ್ನೇ ಹಾಕಿದೆ, ಹ್ಯಾಂಡಲ್ ತಿರುಗುವ ಜಾಗದಿಂದ ಒಂದು ಗೇಣು ಹಿಂದಕ್ಕೆ ಸರಿಸಿ.

ಇನ್ನೊಂದು ಮಾತು. ವೋಲ್ಟ್ ನೋಡಲು ಕೆಲವರು ವೈರಿನ ಸಿಪ್ಪೆಗೇ ಪಿನ್ ಚುಚ್ಚುತ್ತಾರೆ. ದಯವಿಟ್ಟು ಬೇಡ. ಒಂದು ಮಳೆಗಾಲ ಕಳೆದರೆ ಆ ತೂತಲ್ಲೇ ಕಿಲುಬು ಹಿಡಿಯುತ್ತೆ. ಕಪ್ಲರಿನ ಹಿಂದಿನಿಂದ ತೆಳು ಗುಂಡುಸೂಜಿ ತೂರಿಸಿದರೆ ಸಾಕು.

ಹೊಸ ಜಾಯಿಂಟ್ ಹಾಕಿದ ಮೇಲೆ ಬಲ್ಬ್ ಬೆಳ್ಳಗೆ ಉರಿಯಿತು, ಮೀಟರ್‌ನಲ್ಲಿ 0.1ರ ಆಸುಪಾಸು. ಕೀ ಹಾಕಿದಾಗ ಎರಡು ಸೆಕೆಂಡ್ ಬರುವ ಪಂಪಿನ ಸದ್ದೂ ಮೊದಲಿಗಿಂತ ತೀಕ್ಷ್ಣವಾಯಿತು. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಿಗೆ ಬೈಕ್ ಬಿಡುವುದಿಲ್ಲ ಅಲ್ವಾ, ಹಾಗಾಗಿ ಹಂಪ್ ತುಂಬಿದ ಸರ್ವಿಸ್ ರಸ್ತೆಯಲ್ಲೇ ಮೈಸೂರಿಗೆ ಹೋಗಿ ಬಂದೆ. ಮಧ್ಯಾಹ್ನದ ಬಿಸಿಲು, ಹೋಗಿ ಬರಲು ತೊಂಬತ್ತು ಕಿಲೋಮೀಟರ್. ಒಮ್ಮೆಯೂ ನಿಲ್ಲಲಿಲ್ಲ.

ಕೂಲಿ 1,800 ತಗೊಂಡೆ. ಹಳೇ ಪಂಪ್ ಸರಿ ಇದ್ದದ್ದರಿಂದ ಅದನ್ನೇ ವಾಪಸ್ ಹಾಕಿದೆ, ಹೊಸದು ನನ್ನ ಶೆಲ್ಫಿನಲ್ಲಿದೆ. ಸ್ಕ್ಯಾನರ್ ಹಾಕು ಅಂದಿದ್ದ ಸ್ನೇಹಿತರು ಹೋದ ತಿಂಗಳು ಬಂದು, ಬಲ್ಬಿಗೆ ಎಷ್ಟು ಉದ್ದದ ವೈರ್ ಹಾಕಿದ್ದೀಯ ಅಂತ ಅಳತೆ ತಗೊಂಡು ಹೋದರು.