ನನ್ನ ಅನುಭವ: ಮೈಲುತುತ್ತ ಕರಗಿಸುವ, ಸುಣ್ಣ ಕೂಡಿಸುವ ಬಗೆ

ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರಿಗೆ ಶಿಲೀಂಧ್ರ ತಡೆಯಲು ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣದ ಲೆಕ್ಕ ಬಾಯಿಪಾಠ: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಆದರೂ ಔಷಧಿ ಗೊನೆಗೆ ಅಂಟದೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಂದುಬಿಡುತ್ತದೆ. ಅಂಥಲ್ಲಿ ಮೈಲುತುತ್ತ ಹೆಚ್ಚಿಸುವುದಕ್ಕಿಂತ ಡ್ರಮ್ಮಿನೊಳಗೆ ಏನಾಗುತ್ತಿದೆ ಎಂದು ನೋಡಬೇಕು.

ಮೈಲುತುತ್ತದ ಹರಳನ್ನು ನಾನು ಡ್ರಮ್ಮಿನ ತಳಕ್ಕೆ ಸುರಿಯುವುದಿಲ್ಲ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿನ (ಉಳಿದರ್ಧ ಸುಣ್ಣದ ಡ್ರಮ್ಮಿಗೆ) ಮೇಲ್ಭಾಗದಲ್ಲಿ ಮುಳುಗುವಷ್ಟೇ ಇಳಿಬಿಡುತ್ತೇನೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 300 ಗ್ರಾಂನಷ್ಟು ಮೈಲುತುತ್ತ ಕರಗಬಲ್ಲದು. ನಮಗೆ ಬೇಕಿರುವುದು ಲೀಟರಿಗೆ 20 ಗ್ರಾಂ ಮಾತ್ರ. ಹಾಗಾಗಿ ನೀರು ಸಾಲದ ಮಾತೇ ಇಲ್ಲ. ತಳದಲ್ಲಿ ಬಿದ್ದ ಹರಳಿನ ಸುತ್ತ ದಟ್ಟ ದ್ರಾವಣ ನಿಂತು ಹೊಸ ನೀರು ತಾಗದಂತೆ ಮಾಡುತ್ತದೆ, ಕರಗುವ ವೇಗ ಕುಸಿಯುತ್ತದೆ. ಮೇಲೆ ತೂಗುಬಿಟ್ಟರೆ ಭಾರವಾದ ನೀಲಿ ದ್ರಾವಣ ತಾನಾಗಿ ಕೆಳಗಿಳಿದು ಆ ಜಾಗಕ್ಕೆ ಹೊಸ ನೀರು ಬರುತ್ತದೆ. ರಾತ್ರಿ ಕಟ್ಟಿದರೆ ಬೆಳಿಗ್ಗೆಗೆ ಗಂಟು ಖಾಲಿ. ಅವಸರವಿದ್ದರೆ ಹರಳು ಪುಡಿ ಮಾಡಿ, ಒಂದೆರಡು ಲೀಟರ್ ಬಿಸಿನೀರಲ್ಲಿ ಕರಗಿಸಿ, ತಣ್ಣೀರು ಸೇರಿಸುತ್ತೇನೆ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು. ಕಬ್ಬಿಣವಾದರೆ ಅದು ಕರಗುತ್ತ, ತಾಮ್ರ ಅದರ ಮೈಮೇಲೆ ಕೂರುತ್ತದೆ.

ಸುಣ್ಣದ ಸ್ವಭಾವ ಬೇರೆ. ಅರಳಿದ (ನೀರು ಕೂಡಿ ಪುಡಿಯಾದ) ಸುಣ್ಣ ಲೀಟರಿಗೆ 1.7 ಗ್ರಾಂನಷ್ಟೇ ಕರಗುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. 50 ಲೀಟರಿನಲ್ಲಿ 1 ಕಿಲೋ ಹಾಕಿದರೆ ಕರಗುವುದು 85 ಗ್ರಾಂ, ಉಳಿದದ್ದೆಲ್ಲ ಹಾಲಿನಂತೆ ತೇಲುವ ಕಣ. ಕರಗಿದ ಭಾಗ ತಾಮ್ರದ ಜೊತೆ ಖರ್ಚಾದಂತೆ ಕಣಗಳಿಂದ ಮತ್ತಷ್ಟು ಕರಗಿ ಬರುತ್ತದೆ. ಅದಕ್ಕೇ ಕಣ ಸಣ್ಣದಿರಬೇಕು, ಕೈ ನಿಲ್ಲದೆ ಕಲಕುತ್ತಿರಬೇಕು. ಗಟ್ಟಿ ಸುಟ್ಟ ಸುಣ್ಣಕ್ಕೆ ಸ್ವಲ್ಪಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ (ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕವಿರಲಿ), ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿಕೊಳ್ಳುತ್ತೇನೆ. ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಲೆಕ್ಕದ ಪ್ರಕಾರ 1 ಕಿಲೋ ಮೈಲುತುತ್ತಕ್ಕೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಆದರೆ ಅಂಗಡಿಯ ಸುಣ್ಣದಲ್ಲಿ ಮರಳಿರುತ್ತದೆ. ಚೀಲ ಬಿಚ್ಚಿಟ್ಟದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣದಕಲ್ಲೇ ಆಗಿರುತ್ತದೆ. ಹಳೆಯ ಸುಣ್ಣವನ್ನು ಎಷ್ಟೇ ತೂಗಿ ಹಾಕಿದರೂ ನಂಬುವಂತಿಲ್ಲ.

ಎರಡೂ ತಣ್ಣಗಿರುವಾಗ, ಕಲಕುತ್ತಿರುವ ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತೇನೆ. ತಿರುಗಾಮುರುಗಾ ಮಾಡಿದರೆ ಶುರುವಿಗೆ ದ್ರಾವಣ ಆಮ್ಲೀಯವಾಗಿಯೇ ಉಳಿದು, ಹಸಿರು ಛಾಯೆಯ ದಪ್ಪ ಕಣ ಕಟ್ಟಿ ಬೇಗ ತಳಕ್ಕಿಳಿಯುತ್ತದೆ. ಬಿಸಿಯಲ್ಲಿ ಕೂಡಿಸಿದರೂ ಕಣ ದಪ್ಪವೇ. ಸರಿಯಾಗಿ ಬಂದದ್ದು ಆಕಾಶನೀಲಿ, ಲೋಟದಲ್ಲಿಟ್ಟರೆ ನಿಧಾನವಾಗಿ ತಿಳಿಯಾಗುತ್ತದೆ.

ಆಮೇಲೆ ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡುತ್ತೇನೆ. ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಕರಗಿದ ರೂಪದಲ್ಲೇ ಇದೆ ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಲೇಪ ಬಾರದವರೆಗೆ ಸುಣ್ಣದ ಹಾಲು ಸೇರಿಸಬೇಕು. ಜೊತೆಗೆ ಆಮ್ಲ-ಕ್ಷಾರ ಅಳೆಯುವ ಪಿಎಚ್ ಕಾಗದದಲ್ಲಿ 7ಕ್ಕಿಂತ ಕೆಳಗೆ ತೋರಿಸಬಾರದು.

ಕೂಡಿಸಿದ ದ್ರಾವಣ ಅಂದೇ ಮುಗಿಯಬೇಕು. ಅದರಲ್ಲಿ ಬದಲಾವಣೆ ನಿಂತಿರುವುದಿಲ್ಲ. ಹೊತ್ತು ಹೋದಂತೆ ಕಣಗಳು ಸೇರಿ ಹರಳುಗಟ್ಟಿ, ಅಂಟುವ ಗುಣ ಹೋಗುತ್ತದೆ. ಮತ್ತೆ ಕಲಕಿದರೂ ಅದು ಹಿಂತಿರುಗದು. ನಮ್ಮಲ್ಲಿ ಮುಂಗಾರಿಗೆ ಮೊದಲಿನ ಹೊಡೆತ ಹೇಗೋ ಆಗುತ್ತದೆ, ಸುಮಾರು 45 ದಿನದ ಬಳಿಕದ ಎರಡನೆಯದಕ್ಕೆ ಬಿಡುವು ಕೊಡುವ ಮಳೆ ಎಲ್ಲಿದೆ? ಅದಕ್ಕಾಗಿ ಮೈಲುತುತ್ತದ ನೀರು, ಸುಣ್ಣದ ಹಾಲು ಎರಡರ ಡ್ರಮ್ಮನ್ನೂ ಬೇರೆಬೇರೆಯಾಗಿಯೇ, ಮುಚ್ಚಳ ಬಿಗಿದು ಇಟ್ಟುಕೊಳ್ಳುತ್ತೇನೆ. ಮೋಡ ಹರಿದು, ಗೊನೆಯ ನೀರು ಆರಿ, ಮರ ಹತ್ತುವವರು ಸಿದ್ಧರಾದ ಮೇಲೆ ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ, ಸಮಪ್ರಮಾಣದಲ್ಲಿ ಅಳೆದು ಕೂಡಿಸುತ್ತೇನೆ.